ಕರುಳಿಲ್ಲದವರ ನಗು

ನಮ್ಮ ಮನೆಯ ಫ್ರಿಜ್ ಬಾಗಿಲಲ್ಲಿ ಒಂದು ಅಸ್ಥಿಪಂಜರ ಹಲ್ಲು ಕಿರಿದು ನಿಂತಿದೆ. ತಲೆ ಮೇಲೆ ಮೊರದಗಲದ ಟೋಪಿ, ಟೋಪಿ ತುಂಬ ಹೂವು. ಗೆಳೆಯ ಮೆಕ್ಸಿಕೋದಿಂದ ತಂದ ಮ್ಯಾಗ್ನೆಟ್. ಅಮ್ಮನಿಗೆ ಅದನ್ನು ಕಂಡರಾಗದು. ಸಾವಿನ ಮಾತೆತ್ತಿದರೆ 'ಬಿಡ್ತು ಅನ್ನು' ಅನ್ನುವ ಮನೆ ನಮ್ಮದು. ಹಾಲು ತೆಗೆಯುವಾಗಲೂ ಮುಖ ಆಚೆ ತಿರುಗಿಸುತ್ತಾಳೆ.

ಟೋಪಿಯವಳ ಹೆಸರು ಕತ್ರೀನಾ. ಹುಟ್ಟಿಸಿದವನು ಹೋಸೆ ಗ್ವಾದಲೂಪೆ ಪೊಸಾದಾ. 1852ರಲ್ಲಿ ಹುಟ್ಟಿದವನು, ಮೆಕ್ಸಿಕೋ ನಗರದ ಪ್ರಕಾಶಕ ಅಂತೋನಿಯೊ ವಾನೇಗಾಸ್ ಅರ್ರೋಯೊಗೆ ಲೋಹದ ಹಲಗೆಗಳಲ್ಲಿ ಚಿತ್ರ ಕೆತ್ತಿಕೊಡುತ್ತಿದ್ದ. ತೆಳ್ಳಗಿನ ಅಗ್ಗದ ಹಾಳೆ, ಮೇಲೆ ಬುರುಡೆ, ಕೆಳಗೆ ಪ್ರಾಸದ ಪದ್ಯ. ನವೆಂಬರಿನ ಸತ್ತವರ ಹಬ್ಬಕ್ಕೆ ಇವು ಬೀದಿಯಲ್ಲಿ ಚಿಲ್ಲರೆ ಕಾಸಿಗೆ ಬಿಕರಿಯಾಗುತ್ತಿದ್ದವು. ಬುರುಡೆಗೂ ಪದ್ಯಕ್ಕೂ ಒಂದೇ ಹೆಸರು: ಕಲಾವೆರಾ. ತಮಾಷೆ ಏನಂದರೆ, ಪದ್ಯ ಸತ್ತವರ ಮೇಲಲ್ಲ, ಬದುಕಿರುವವರ ಮೇಲೆ! ನೀನು ಸತ್ತೆ ಅಂತ ಮುಂಚೆಯೇ ಬರೆದು, ನಿನ್ನ ಕೈಗೇ ಕೊಡುವುದು.

ಕಾಯಿಲೆಯನ್ನೂ ಅವನು ಬಿಡಲಿಲ್ಲ. 1833ರಲ್ಲಿ, ಮತ್ತೆ 1850ರಲ್ಲಿ ಕಾಲರಾ ಮೆಕ್ಸಿಕೋವನ್ನು ಗುಡಿಸಿ ಹೋಗಿತ್ತು. ಆ ಮಾರಿಯನ್ನೇ 1910ರಲ್ಲಿ ಪೊಸಾದಾ ಕಲಾವೆರಾ ಮಾಡಿಬಿಟ್ಟ. ಸುತ್ತ ಬೇರೆ ಬೇರೆ ಕಸುಬಿನವರ ಬುರುಡೆಗಳು. ಯಾರೂ ನರಳುತ್ತಿಲ್ಲ. ನನಗೆ ಹೊಳೆದದ್ದು ಇಷ್ಟು: ಕಾಲರಾ ಹಿಡಿಯುವುದು ಕರುಳನ್ನು. ಅಸ್ಥಿಪಂಜರಕ್ಕೆ ಕರುಳೇ ಇಲ್ಲವಲ್ಲ! ವಾಂತಿಯಿಲ್ಲ, ಭೇದಿಯಿಲ್ಲ, ನೀರು ಕಾಯಿಸಿ ಕುಡಿಯುವ ತಾಪತ್ರಯವೂ ಇಲ್ಲ. ನಗದೆ ಇನ್ನೇನು ಮಾಡುತ್ತದೆ?

ನಮ್ಮಲ್ಲಿ 'ಕರುಳಿಲ್ಲದವನು' ಅಂದರೆ ಬೈಗುಳ. ಇಲ್ಲಿ ಮಾತ್ರ ಹಾಗಲ್ಲ ಅನಿಸುತ್ತದೆ. ಈ ಬುರುಡೆಗಳ ಮುಂದೆ ಕುಳಿತರೆ ಯಾಕೋ ಸಂಕಟ ಕಮ್ಮಿಯಾಗುತ್ತದೆ. ಆಸ್ಪತ್ರೆ ಗೋಡೆಯ ಎಚ್ಚರಿಕೆ ಪೋಸ್ಟರುಗಳು ಹೆದರಿಸಿದಷ್ಟು ಇವು ಹೆದರಿಸುವುದಿಲ್ಲ.

ಪೊಸಾದಾನಿಗೆ ಮಾತ್ರ ಕರುಳಿತ್ತು. 1913ರ ಜನವರಿಯಲ್ಲಿ ಅವನು ತೀರಿಕೊಂಡದ್ದೂ ಕರುಳಿನ ಕಾಯಿಲೆಯಿಂದಲೇ. ಬಡವರ ಗುಂಡಿಯಲ್ಲಿ ಹೂಳಿದರು. ಕೇಳುವವರಿಲ್ಲದೆ ಆಮೇಲೆ ಮೂಳೆಗಳನ್ನು ಬೇರೆಯವರ ಮೂಳೆಗಳ ಜೊತೆ ಒಂದೇ ಗುಂಡಿಗೆ ಹಾಕಿದರು. ಬುರುಡೆ ಗುರುತಿಸಿ ಟೋಪಿ ತೊಡಿಸಲು ಅವನಂಥವನು ಇನ್ನೊಬ್ಬ ಬೇಕಿತ್ತು.

ಅವನ ಕತ್ರೀನಾಗೆ ಇದ್ದದ್ದು ಬರೀ ತಲೆ ಮತ್ತು ಟೋಪಿ. ಮೈ ಕೊಟ್ಟವನು ಮೆಕ್ಸಿಕೋದ ಚಿತ್ರಕಾರ ಡಿಯಾಗೊ ರಿವೇರಾ, 1947ರ ತನ್ನ ಗೋಡೆಚಿತ್ರದಲ್ಲಿ. ಅಲ್ಲಿ ಅವಳು ಪಾರ್ಕಿನಲ್ಲಿ ಪೊಸಾದಾನ ತೋಳು ಹಿಡಿದು ನಿಂತಿದ್ದಾಳೆ. ಪೊಸಾದಾನಿಗೆ ಕಪ್ಪು ಸೂಟು, ತುಂಬಿದ ಮೈಕೈ. ಊಟ ಮುಗಿಸಿ ಬಂದವನ ಹಾಗಿದ್ದಾನೆ.