ಕನ್ನಡ ಬಾವುಟಕ್ಕೆ ಬಿಳಿ ಪಟ್ಟಿ, ಗಂಡಭೇರುಂಡ ಬೇಕಾ?

2018ರ ಮಾರ್ಚ್ 8ರಂದು ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಹೊಸ ನಾಡಧ್ವಜದ ಮಾದರಿಯನ್ನು ತೋರಿಸಿದರು. ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು. ಬಿಳಿಯ ಮೇಲೆ ಗಂಡಭೇರುಂಡವಿರುವ ರಾಜ್ಯ ಲಾಂಛನ. ರಾಜ್ಯಕ್ಕೆ ಬಾವುಟ ಇರಬಹುದಾ ಅನ್ನುವುದು ಕಾನೂನಿನ ಜಗಳ, ಅದನ್ನು ಬದಿಗಿಡೋಣ. ಇಲ್ಲಿನ ಪ್ರಶ್ನೆ ಇಷ್ಟೇ: ಬಾವುಟ ಹೇಗಿರಬೇಕು?

ಪರ: ಬೇಕು

ಹಳದಿ-ಕೆಂಪು ಬಾವುಟ ನಮ್ಮೆಲ್ಲರದ್ದು ನಿಜ. ಆದರೆ ಅದು ಹುಟ್ಟಿದ್ದು ಹೇಗೆ? 1960ರ ದಶಕದಲ್ಲಿ ಮ. ರಾಮಮೂರ್ತಿ ಅವರು ಕನ್ನಡ ಪಕ್ಷಕ್ಕಾಗಿ ಮಾಡಿದ್ದು. ಒಂದು ಪಕ್ಷದ ಬಾವುಟ ಇಡೀ ನಾಡಿನದಾಗುವಾಗ ಒಂದಿಷ್ಟು ಬದಲಾದರೆ ತಪ್ಪೇನು? 1947ರಲ್ಲಿ ದೇಶದ ಬಾವುಟಕ್ಕೂ ಹೀಗೇ ಆಯಿತು. ಕಾಂಗ್ರೆಸ್ ಬಾವುಟದ ಚರಕ ಹೋಗಿ ಅಶೋಕ ಚಕ್ರ ಬಂತು. ಗಾಂಧೀಜಿಗೆ ಬೇಸರವಾಯಿತು ನಿಜ, ಆದರೆ ದೇಶ ಅದನ್ನು ಒಪ್ಪಿಕೊಂಡಿತು.

ಇನ್ನೊಂದು ಮಾತು. ಹಳದಿ-ಕೆಂಪು ಕಂಡರೆ ನಮಗೆ ಕನ್ನಡ ನೆನಪಾಗುತ್ತದೆ, ಹೊರಗಿನವರಿಗೆ ಎರಡು ಬಣ್ಣ ಮಾತ್ರ ಕಾಣುತ್ತದೆ. ಗಂಡಭೇರುಂಡ ಹಾಗಲ್ಲ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಎರಡು ತಲೆಯ ಹಕ್ಕಿಯನ್ನು ಮರೆಯುವುದಾದರೂ ಹೇಗೆ!

ಅದು ಮೈಸೂರು ಅರಸರ ಗುರುತು, ನಮಗ್ಯಾಕೆ ಎಂದು ಬೇರೆ ಭಾಗದವರು ಕೇಳುವುದುಂಟು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ ಹೋಗಿ ನೋಡಿ. 11ನೇ ಶತಮಾನದ ಗಂಡಭೇರುಂಡ ಸ್ತಂಭ ಇವತ್ತಿಗೂ ನಿಂತಿದೆ. ಕಲ್ಯಾಣ ಚಾಲುಕ್ಯರ ಕಾಲದ್ದು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಈ ಹಕ್ಕಿ ಇದೆ, ಕೆಳದಿಯ ದೇವಸ್ಥಾನದಲ್ಲೂ ಇದೆ. ಒಡೆಯರು ಅದನ್ನು ಉಳಿಸಿಕೊಂಡು ಬಂದರು, ಅಷ್ಟೇ. ಹಳೇ ಮೈಸೂರಿನ ಸೊತ್ತು ಅಂತ ಬಿಟ್ಟುಕೊಟ್ಟರೆ ಉಳಿದ ಕರ್ನಾಟಕಕ್ಕೇ ನಷ್ಟ.

ಬಿಳಿ ಶಾಂತಿಗೆ ಅಂದರು. ನನಗೆ ಅದಕ್ಕಿಂತ ಮುಖ್ಯ, ಹಳದಿಯ ಮೇಲೋ ಕೆಂಪಿನ ಮೇಲೋ ಲಾಂಛನ ಎದ್ದು ಕಾಣುವುದಿಲ್ಲ. ಬಿಳಿಯ ಮೇಲೆ ಕಾಣುತ್ತದೆ.

ವಿರೋಧ: ಬೇಡ

ಅರಿಶಿನ, ಕುಂಕುಮ. ಈ ಬಾವುಟದ ಅರ್ಥವನ್ನು ಯಾರೂ ಯಾರಿಗೂ ವಿವರಿಸಬೇಕಿಲ್ಲ. ಹೊಸದಕ್ಕೆ ಮಾತ್ರ ವಿವರಣೆ ಬೇಕಾಯಿತು: ಹಳದಿ ಸಹನೆಗೆ, ಬಿಳಿ ಶಾಂತಿಗೆ, ಕೆಂಪು ಶೌರ್ಯಕ್ಕೆ. ಇದನ್ನು ಯಾವ ಬಾವುಟಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ಮೂರು ಅಡ್ಡ ಪಟ್ಟಿ, ನಡುವೆ ಬಿಳಿ, ಬಿಳಿಯಲ್ಲಿ ಒಂದು ಗುರುತು. ಇದು ದೇಶದ ಬಾವುಟದ ಅಚ್ಚು. ನಮ್ಮದು ಅಂತ ಬೇರೆ ಮಾಡಲು ಹೋಗಿ ಅದನ್ನೇ ನಕಲು ಮಾಡಿದ ಹಾಗಾಯಿತು.

1947ರ ಉದಾಹರಣೆಯನ್ನು ನಾನೂ ಕೊಡುತ್ತೇನೆ. ಚರಕವನ್ನು ಬಿಟ್ಟದ್ದಕ್ಕೆ ನೆಹರೂ ಸಂವಿಧಾನ ಸಭೆಯಲ್ಲಿ ಹೇಳಿದ ಕಾರಣಗಳಲ್ಲಿ ಒಂದು ತುಂಬಾ ಸರಳ. ಚರಕಕ್ಕೆ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು. ಬಾವುಟದ ಎರಡೂ ಬದಿಯಲ್ಲಿ ಒಂದೇ ಥರ ಕಾಣಬೇಕಲ್ಲ! ಅಂದರೆ ಆ ಬದಲಾವಣೆ ಹೋದದ್ದು ಸರಳತೆಯ ಕಡೆಗೆ. ನಮ್ಮದು ಹೋಗುತ್ತಿರುವುದು ತೊಡಕಿನ ಕಡೆಗೆ. ರಾಜ್ಯ ಲಾಂಛನದಲ್ಲಿ ಹಕ್ಕಿ ಒಂದೇ ಇಲ್ಲ. ಆನೆ ಸೊಂಡಿಲಿನ ಎರಡು ಸಿಂಹ, ಮೇಲೆ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’, ಅದೂ ನಾಗರಿ ಲಿಪಿಯಲ್ಲಿ. ಅದನ್ನು ಪೂರ್ತಿ ಹಾಕಿದರೆ ಹಿಂದಿನಿಂದ ಅಕ್ಷರ ಉಲ್ಟಾ ಕಾಣುತ್ತದೆ. ಕಂಬದ ತುದಿಯಲ್ಲಿ ಹಾರುವಾಗ ಕೆಳಗೆ ನಿಂತವರಿಗೆ ಒಂದು ಚುಕ್ಕೆ ಕಂಡರೆ ಜಾಸ್ತಿ.

ನನ್ನ ನಿಜವಾದ ತಕರಾರು ಬೇರೆ. ಈಗಿನ ಬಾವುಟವನ್ನು ಯಾರು ಬೇಕಾದರೂ ಮಾಡಬಹುದು. ಹಳದಿ ಬಟ್ಟೆ, ಕೆಂಪು ಬಟ್ಟೆ, ಒಂದು ಹೊಲಿಗೆ. ಮಕ್ಕಳು ಎರಡು ಕ್ರೇಯಾನ್‌ನಲ್ಲಿ ಬಿಡಿಸುತ್ತಾರೆ. ಆಟೋದವರು ಹುಡ್‌ಗೆ ಕಟ್ಟುತ್ತಾರೆ, ರಾಜ್ಯೋತ್ಸವಕ್ಕೆ ಕೊರಳಿಗೆ ಶಾಲು ಬರುತ್ತದೆ, ಸರ್ಕಲ್‌ನ ಕಂಬಕ್ಕೆ ಬಣ್ಣ ಬೀಳುತ್ತದೆ. ಯಾವ ಸರ್ಕಾರವೂ ಆದೇಶ ಹೊರಡಿಸದೆ ಅದು ನಾಡಿನ ಬಾವುಟವಾದದ್ದು ಇದರಿಂದಲೇ. ಲಾಂಛನ ಸೇರಿದರೆ ಪ್ರಿಂಟಿಂಗ್ ಬೇಕು. ಅದಲ್ಲದೆ ಅಶೋಕ ಸಿಂಹದ ಲಾಂಛನವನ್ನು ಖಾಸಗಿಯವರು ಮನಸ್ಸಿಗೆ ಬಂದಂತೆ ಬಳಸದ ಹಾಗೆ 2005ರ ಕಾಯ್ದೆಯೇ ಇದೆ. ನಾಳೆ ಆಟೋದವರು ಯಾರನ್ನು ಕೇಳಿ ಕಟ್ಟಬೇಕು?

ಬಳ್ಳಿಗಾವಿಯ ಮಾತು ಸರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ ಇದೆ. ಲಾಂಛನದಲ್ಲಿರುವುದು ಮೈಸೂರು ಅರಮನೆಯ ಹಕ್ಕಿಯೇ. ಸರ್ಕಾರಿ ಕಾಗದದ ಮೇಲೆ ಅದು ಚೆನ್ನಾಗಿಯೇ ಇದೆ. ವಿಧಾನಸೌಧಕ್ಕೆ ಲಾಂಛನವಿರುವ ಬಾವುಟ ಬೇಕಿದ್ದರೆ ಸರ್ಕಾರ ಬೇರೆ ಮಾಡಿಕೊಳ್ಳಲಿ. ಅದನ್ನು ನಾಡಧ್ವಜ ಅಂತ ಕರೆಯುವುದು ಬೇಡ.