ಟಾಪ್ ಸ್ಟೇಷನ್‌ನಲ್ಲಿ ಸ್ಟೇಷನ್ ಎಲ್ಲಿ?

ಮುನ್ನಾರ್‌ಗೆ ಹೋದವರು ಟಾಪ್ ಸ್ಟೇಷನ್ ನೋಡದೆ ಬರುವುದು ಕಡಿಮೆ. ಮಂಜು ಸರಿಯಲಿ ಅಂತ ಕಾದು, ಕಣಿವೆಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡು ಬರುತ್ತೇವೆ. ನಾನೂ ಅಷ್ಟೇ ಮಾಡಿ ಬಂದಿದ್ದೆ. ಎತ್ತರದ ಜಾಗ, ಅದಕ್ಕೇ ಈ ಹೆಸರು ಅಂದುಕೊಂಡಿದ್ದೆ. ಅಲ್ಲಿ ನಿಜವಾಗಿಯೂ ರೈಲು ನಿಲ್ಲುತ್ತಿತ್ತು ಅಂತ ತಿಳಿದದ್ದು ಊರಿಗೆ ಬಂದ ಮೇಲೆ. ಅವತ್ತಿನಿಂದ ಆ ಜಾಗ ತಲೆಯಿಂದ ಹೋಗಿಲ್ಲ.

ಮುನ್ನಾರ್‌ಗೂ ಟಾಪ್ ಸ್ಟೇಷನ್‌ಗೂ ನಡುವಿನ ಕುಂಡಲ ಕಣಿವೆಯಲ್ಲಿ 1902ರಲ್ಲಿ ಮೊದಲು ಹಾಕಿದ್ದು ಒಂದೇ ಒಂದು ಹಳಿ. ಬಂಡಿಯ ಸಣ್ಣ ಚಕ್ರ ಹಳಿಯ ಮೇಲೆ. ವಾಲದಂತೆ ಹಿಡಿದಿಡಲು ದೊಡ್ಡ ಚಕ್ರ ಪಕ್ಕದ ರಸ್ತೆಯ ಮೇಲೆ. ಎಳೆಯುತ್ತಿದ್ದುದು ಎತ್ತುಗಳು! ಭಾರದ ಬಹುಪಾಲು ಹಳಿಯೇ ಹೊರುತ್ತಿದ್ದುದರಿಂದ ಎತ್ತಿಗೆ ಅಷ್ಟು ಶ್ರಮವಾಗುತ್ತಿರಲಿಲ್ಲ. ಎಂಥ ಬುದ್ಧಿ ನೋಡಿ. 1908ರಲ್ಲಿ ಎರಡಡಿ ಗೇಜಿನ ಜೋಡಿ ಹಳಿ ಬಂತು, ಉಗಿ ಎಂಜಿನ್ ಬಂತು.

ಮುನ್ನಾರ್, ಮಾಟುಪೆಟ್ಟಿ ಕಡೆಯ ಚಹಾ ಪೆಟ್ಟಿಗೆಗಳು ಈ ರೈಲಿನಲ್ಲಿ ಟಾಪ್ ಸ್ಟೇಷನ್‌ಗೆ ಬರುತ್ತಿದ್ದವು. ಅಲ್ಲಿಂದ ರೋಪ್‌ವೇಯಲ್ಲಿ ಸುಮಾರು 5 ಕಿಲೋಮೀಟರ್ ಕೆಳಗೆ, ತಮಿಳುನಾಡಿನ ಕೊಟ್ಟಗುಡಿಗೆ. ಅದು ಬಾಟಮ್ ಸ್ಟೇಷನ್, ಇದು ಟಾಪ್ ಸ್ಟೇಷನ್. ಹೆಸರಿನ ಗುಟ್ಟು ಇಷ್ಟೇ. ಕೊಟ್ಟಗುಡಿಯಿಂದ ಗಾಡಿಯಲ್ಲಿ ಬೋಡಿನಾಯಕನೂರು, ಆಮೇಲೆ ಬಂದರು, ಆಮೇಲೆ ಹಡಗಿನಲ್ಲಿ ಇಂಗ್ಲೆಂಡ್.

1924ರ ಜುಲೈನಲ್ಲಿ ಭಾರಿ ನೆರೆ ಬಂತು. ಮಲಯಾಳಿಗಳು ಇಂದಿಗೂ 'ತೊಂಬತ್ತೊಂಬತ್ತರ ನೆರೆ' ಅನ್ನುವುದು ಇದನ್ನೇ, ಅವರ ಕೊಲ್ಲಂ ವರ್ಷ 1099. ಹಳಿ, ಸೇತುವೆ ಎಲ್ಲ ಕೊಚ್ಚಿಹೋಯಿತು. ಮತ್ತೆ ಯಾರೂ ಕಟ್ಟಲಿಲ್ಲ. ಉಗಿ ರೈಲು ಓಡಿದ್ದು 16 ವರ್ಷ, ಒಂದು ಮಗು ಹುಟ್ಟಿ ಎಸ್ಸೆಸ್ಸೆಲ್ಸಿ ಮುಗಿಸುವಷ್ಟು ಕಾಲ. ಮುನ್ನಾರ್‌ನ ನಿಲ್ದಾಣದ ಕಟ್ಟಡ ಆಮೇಲೆ ಚಹಾ ಕಂಪನಿಯ ಕಚೇರಿಯಾಯಿತು.

ಇದನ್ನು 'ಬ್ರಿಟಿಷರ ಕಾಲದ ಮುದ್ದು ರೈಲು' ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರ. ಇದು ಸರಕು ಸಾಗಿಸಲೆಂದೇ ಹಾಕಿದ ಹಳಿ. ಆ ಪೆಟ್ಟಿಗೆಗಳೊಳಗಿನ ಎಲೆ ಕಿತ್ತವರು ತಮಿಳು ಸೀಮೆಯಿಂದ ಬೆಟ್ಟ ಹತ್ತಿ ಬಂದ ಬಡ ಕೂಲಿಕಾರರು. ನಿಲ್ದಾಣದ ಕಥೆ ಹೇಳುವುದಾದರೆ ಅವರನ್ನು ಸೇರಿಸಿಯೇ ಹೇಳಬೇಕು.

ನಾನು ಹೋದಾಗ ಇದೊಂದನ್ನೂ ಹೇಳುವ ಫಲಕ ಕಣ್ಣಿಗೆ ಬೀಳಲಿಲ್ಲ. ದೊಡ್ಡ ಮ್ಯೂಸಿಯಂ ಬೇಡ. ಎತ್ತಿನ ಆ ಒಂಟಿ ಹಳಿಯ ಬಂಡಿಯದೊಂದು ಮಾದರಿ ಇಟ್ಟರೂ ಸಾಕು, ಮಕ್ಕಳು ಎರಡು ಚಕ್ರ ಮುಟ್ಟಿ ನೋಡಿ ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ನೀವು ಹೋದರೆ ಫೋಟೊ ಆದ ಮೇಲೆ ಕೊಟ್ಟಗುಡಿ ಯಾವ ಕಡೆ ಅಂತ ಕೇಳಿ, ಆ ಕಡೆ ಒಮ್ಮೆ ಬಗ್ಗಿ ನೋಡಿ. ಪೆಟ್ಟಿಗೆಗಳು ತಂತಿಗೆ ಜೋತುಬಿದ್ದು ಇಳಿಯುತ್ತಿದ್ದುದು ಅಲ್ಲಿಗೇ.