ಕೆಲಸ ಕೊಡುವವನೇ ದೇವರನ್ನೂ ತೋರಿಸಿದರೆ

"ಅಷ್ಟು ಚೆನ್ನಾಗಿ ಡ್ಯಾನ್ಸ್ ಮಾಡೋ ಹುಡುಗಿ, ಲಕ್ಷಗಟ್ಟಲೆ ಫಾಲೋವರ್ಸ್, ಹೇಗಪ್ಪಾ ಸಿಕ್ಕಿಹಾಕಿಕೊಂಡಳು?" ಒಂದು ಚರ್ಚ್ ಗುಂಪಿನ ಬಲೆಗೆ ಬಿದ್ದರು ಎನ್ನಲಾದ ಲಾಸ್ ಏಂಜಲೀಸ್‌ನ ಡ್ಯಾನ್ಸರ್‌ಗಳ ಬಗ್ಗೆ 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸಾಕ್ಷ್ಯಚಿತ್ರ ಬಂದಾಗಿನಿಂದ ಈ ಮಾತು ಕೇಳಿ ಸಾಕಾಗಿದೆ. ಬುದ್ಧಿ ಇತ್ತೋ ಇಲ್ಲವೋ ಅನ್ನೋದು ಅಲ್ಲಿ ವಿಷಯವೇ ಅಲ್ಲ.

ರಾಬರ್ಟ್ ಶಿನ್ ಅನ್ನುವವರು ಅಲ್ಲಿ ಶೆಕೈನಾ ಚರ್ಚ್ ನಡೆಸುತ್ತಾರೆ. 2021ರಲ್ಲಿ 7ಎಂ ಅಂತ ಒಂದು ಕಂಪನಿ ಶುರು ಮಾಡಿ ಟಿಕ್‌ಟಾಕ್ ಡ್ಯಾನ್ಸರ್‌ಗಳಿಗೆ ಮ್ಯಾನೇಜರ್ ಆದರು. ದುಡಿದದ್ದರಲ್ಲಿ ದೊಡ್ಡ ಪಾಲು ಅವರಿಗೇ ಹೋಗುತ್ತಿತ್ತು, ಮನೆಯವರಿಂದ ನಮ್ಮನ್ನು ದೂರ ಮಾಡಿದರು ಅಂತ ಬಿಟ್ಟು ಬಂದವರು ಆರೋಪಿಸಿದ್ದಾರೆ. ಶಿನ್ ಇದನ್ನು ಒಪ್ಪುವುದಿಲ್ಲ. ಮಿರಾಂಡಾ ವಿಲ್ಕಿಂಗ್ ಅನ್ನುವ ಡ್ಯಾನ್ಸರ್‌ನ ಅಪ್ಪ, ಅಮ್ಮ, ತಂಗಿ 2022ರಲ್ಲಿ ಇನ್‌ಸ್ಟಾಗ್ರಾಮ್ ಲೈವ್‌ಗೆ ಬಂದು, ಈ ಗುಂಪು ಸೇರಿ ಮಗಳು ನಮ್ಮಿಂದ ದೂರವಾದಳು ಅಂತ ಅತ್ತರು. ನನ್ನನ್ನು ಯಾರೂ ಹಿಡಿದಿಟ್ಟಿಲ್ಲ ಅನ್ನುವುದು ಮಿರಾಂಡಾ ಮಾತು. ಯಾರ ಮಾತು ನಿಜ ಅಂತ ಇಲ್ಲಿ ಕೂತು ತೀರ್ಪು ಕೊಡೋಕೆ ನಾನು ಯಾರು? ಆದರೆ ಅವಕಾಶ, ದುಡ್ಡಿನ ಲೆಕ್ಕ, ಪಾಪ ಪುಣ್ಯ ಮೂರೂ ಒಬ್ಬರ ಕೈಯಲ್ಲೇ ಇದ್ದರೆ ನನಗೆ ಭಯ ಆಗುತ್ತದೆ.

ಇದು ರೀಲ್ಸ್ ಕಾಲದ ರೋಗವೂ ಅಲ್ಲ. 1971ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಗಿಟಾರಿಸ್ಟ್ ಜೆರೆಮಿ ಸ್ಪೆನ್ಸರ್ ಅದೇ ಊರಲ್ಲಿ ಪ್ರವಾಸದ ಮಧ್ಯೆ ಹೊರಗೆ ಹೋದವರು ವಾಪಸ್ ಬರಲೇ ಇಲ್ಲ. 'ಚಿಲ್ಡ್ರನ್ ಆಫ್ ಗಾಡ್' ಅನ್ನುವ ಧಾರ್ಮಿಕ ಗುಂಪು ಸೇರಿಬಿಟ್ಟಿದ್ದರು. ನಟ ರಿವರ್ ಫೀನಿಕ್ಸ್ ಅದೇ ಗುಂಪಿನ ಮಗುವಾಗಿ ವೆನೆಜುವೆಲಾದ ಬೀದಿಗಳಲ್ಲಿ ಹಾಡಿದವರು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಹಾಸನದಿಂದಲೋ ಗದಗದಿಂದಲೋ ಬಂದು ನಾಗರಭಾವಿಯ ಪಿಜಿಯಲ್ಲಿರುವ ಡ್ಯಾನ್ಸ್ ಮಾಡೋ ಹುಡುಗರನ್ನು ನೋಡಿ. ನವೆಂಬರ್‌ನಲ್ಲಿ ರಾಜ್ಯೋತ್ಸವ ಅಂತ ಒಂದರ ಮೇಲೊಂದು ಸ್ಟೇಜ್. ಆಷಾಢ ಬಂದರೆ ಮದುವೆ ಇಲ್ಲ, ಸಂಗೀತ್ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಆಗ ಯಾರೋ ಊಟ ಹಾಕಿ, ತಲೆ ಸವರಿ, "ನಿನ್ನ ಕಲೆ ದೇವರ ಕೆಲಸ" ಅಂದರೆ ಯಾರಿಗೆ ಕರಗಲ್ಲ ಹೇಳಿ? ಜೊತೆಗೆ ಚಿಕ್ಕಂದಿನಿಂದ ಆದ ಅಭ್ಯಾಸ. ಭರತನಾಟ್ಯದ ಗುರುಗಳು ಅರೆಮಂಡಿ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂರುವ ಭಂಗಿ, ಇನ್ನೂ ಕೂರು ಅಂದರೆ ಕಾಲು ನಡುಗಿದರೂ ಕೂರಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಕ್ಲಾಸಿನೊಳಗೆ ಅದು ಸರಿ. ಬ್ಯಾಂಕ್ ಪಾಸ್‌ಬುಕ್ ವಿಷಯದಲ್ಲೂ ಹಾಗೇ ಇದ್ದರೆ? ಚರ್ಚ್ ಇರಲಿ, ಮಠ ಇರಲಿ, ಧ್ಯಾನದ ಆಶ್ರಮ ಇರಲಿ, ಗೋಡೆ ಮೇಲೆ ಯಾವ ಫೋಟೋ ಇದೆ ಅಂತ ನೋಡಿ ಸಮಾಧಾನ ಪಡಬೇಡಿ.

ಹೊರಗೆ ಬರುವುದು ಇನ್ನೂ ಕಷ್ಟ. ಗೆಳೆಯರೆಲ್ಲ ಒಳಗೇ ಇರುತ್ತಾರೆ, ಚಾನೆಲ್ ಗುಂಪು ನಡೆಸುವವರ ಹೆಸರಲ್ಲಿರುತ್ತದೆ. ಮಗಳನ್ನು ಕೋರ್ಟಿಗೆ ಹಾಜರುಪಡಿಸಿ ಅಂತ ಮನೆಯವರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೂ, 18 ದಾಟಿದ ಮಗಳು "ನನ್ನಿಷ್ಟದಿಂದಲೇ ಇದ್ದೇನೆ" ಅಂದುಬಿಟ್ಟರೆ ಸಾಮಾನ್ಯವಾಗಿ ಕೇಸು ಅಲ್ಲಿಗೇ ಮುಗಿಯುತ್ತದೆ. ವಾಪಸ್ ಬಂದವರಿಗೆ ನಮ್ಮವರ ಸ್ವಾಗತವೋ, "ಆವಾಗಲೇ ಹೇಳಿದ್ವಿ ಅಲ್ವಾ!"

ಅದಕ್ಕೇ, ಒಳಗಿರುವವರ ಹತ್ತಿರ ದೇವರ ಬಗ್ಗೆ ವಾದ ಮಾಡಬೇಡಿ. ಸುಮ್ನೆ "ಹಬ್ಬಕ್ಕೆ ಬಾ" ಅಂತ ಮೆಸೇಜ್ ಹಾಕುತ್ತಿರಿ, ಉತ್ತರ ಬರದಿದ್ದರೂ. ಬಂದ ಮೇಲೆ ಮೊದಲು ಆಧಾರ್, ಪಾಸ್‌ಬುಕ್, ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಅವರ ಕೈಗೆ ಬಂದಿದೆಯಾ ನೋಡಿ. ಡ್ಯಾನ್ಸ್ ಕ್ಲಾಸ್ ನಡೆಸುವ ಗೆಳೆಯರೇ, ಅಂಥವರಿಗೆ ಕಲಿಸೋಕೆ ಒಂದು ಬ್ಯಾಚ್ ಕೊಡಿ. ಪಿಜಿ ಬಾಡಿಗೆಯಾದರೂ ಹುಟ್ಟಲಿ.